ಅದೇ ಪ್ರೋಗ್ರಾಂ, ಬೇರೆ ಊರುಗಳು: 'ಆರ್' ಹೊಸ ಆವೃತ್ತಿ ಬಂದಾಗ ಏನಾಗುತ್ತದೆ?

ಹೋದ ವರ್ಷ ಮಳೆಗಾಲದಲ್ಲಿ ಒಂದು ಫೋನ್ ಬಂತು. ನಾನು ಮೊದಲು ಕೆಲಸ ಮಾಡುತ್ತಿದ್ದ ಕಡೆ ಹೊಸದಾಗಿ ಸೇರಿದ ಹುಡುಗಿ. 2018ರಲ್ಲಿ ನಾವು ಒಂದು ಸರ್ವೆಗೆ ಸಾವಿರ ಊರುಗಳ ಪಟ್ಟಿಯಿಂದ ಮೂವತ್ತು ಊರು ಆರಿಸಿದ್ದೆವು. ಚೀಟಿ ಎತ್ತಿದ್ದು ಕಂಪ್ಯೂಟರು. ಈಗ ಅದೇ ಊರುಗಳಿಗೆ ಮತ್ತೆ ಹೋಗಬೇಕು. ಆರಿಸಿದ ಊರುಗಳ ಪಟ್ಟಿ ಎಲ್ಲೋ ಕಳೆದುಹೋಗಿದೆ. ಆದರೆ ಸಾವಿರ ಊರಿನ ಮೂಲ ಪಟ್ಟಿ ಇದೆ, ನಾನು ಬರೆದಿಟ್ಟ ಪ್ರೋಗ್ರಾಂ ಇದೆ. ಅಷ್ಟಿದ್ದರೆ ಸಾಕಲ್ವಾ?

"ಸರ್, ರನ್ ಮಾಡಿದೆ. ಮೂವತ್ತು ಊರು ಬಂತು. ಆದ್ರೆ ಹಳೇ ವರದಿಯಲ್ಲಿ ಫೋಟೋ ಇರೋ ಒಂದು ಊರೂ ಇದರಲ್ಲಿಲ್ಲ" ಎಂದಳು.

ನನಗೆ ಎದೆ ಧಸಕ್ಕೆಂದಿತು. ಕಂಪ್ಯೂಟರ್ ಚೀಟಿ ಎತ್ತುವುದು ನಿಜವಾದ ಚೀಟಿಯ ಹಾಗಲ್ಲ. 'ಸೀಡ್' ಅಂತ ಒಂದು ಸಂಖ್ಯೆ ಕೊಟ್ಟುಬಿಟ್ಟರೆ, ಅದೇ ಸಂಖ್ಯೆಯಿಂದ ಎಷ್ಟು ಸಲ ಶುರು ಮಾಡಿದರೂ ಅದೇ ಚೀಟಿಗಳು ಅದೇ ಸಾಲಿನಲ್ಲಿ ಬರಬೇಕು. ನಾನು ಕೊಟ್ಟಿದ್ದು 42. ಅವಳೂ ಅದನ್ನೇ ಇಟ್ಟುಕೊಂಡಿದ್ದಾಳೆ. ಹಾಗಾದರೆ ಊರು ಬದಲಾಗಿದ್ದು ಹೇಗೆ?

ನನ್ನ ಹಳೇ ಲ್ಯಾಪ್‌ಟಾಪ್ ಅಟ್ಟದಿಂದ ಇಳಿಸಿದೆ. ಫೋನಿನಲ್ಲೇ ಒಂದು ಪರೀಕ್ಷೆ ಮಾಡಿದೆವು. ಸೀಡ್ 42 ಕೊಟ್ಟು, 1ರಿಂದ 10ರ ವರೆಗಿನ ಅಂಕಿಗಳನ್ನು ಕಲಸಿ ಕೊಡು ಅಂತ ಇಬ್ಬರೂ ಕೇಳಿದೆವು. ನನ್ನ ಮೆಷಿನ್ನು 10, 9, 3 ಅಂತ ಶುರು ಮಾಡಿತು. ಅವಳದ್ದು 1, 5, 10. ಬರೆದ ಸಾಲು ಒಂದೇ, ಅಕ್ಷರವೂ ಹೆಚ್ಚುಕಮ್ಮಿ ಇಲ್ಲ. ಬೇರೆ ಇದ್ದದ್ದು ಒಂದೇ: ಅವಳ ಕಂಪ್ಯೂಟರಿನಲ್ಲಿ 'ಆರ್' ಎನ್ನುವ ಸಂಖ್ಯಾಶಾಸ್ತ್ರದ ಸಾಫ್ಟ್‌ವೇರ್ ಹೊಸದು, ನನ್ನದರಲ್ಲಿ ಹಳೆಯದು.

ಸಂಖ್ಯಾಶಾಸ್ತ್ರದ ಸಾಫ್ಟ್‌ವೇರ್ ಲೋಕದ ಸುದ್ದಿಗಳು ಹೊರಗಿನವರಿಗೆ ಬಹಳ ಸಪ್ಪೆ. ಸಾಮಾನ್ಯವಾಗಿ ಏಪ್ರಿಲ್‌ನಲ್ಲಿ ಆರ್‌ನ ಹೊಸ ಆವೃತ್ತಿ ಬರುತ್ತದೆ. ಜೊತೆಗೆ 'ಏನೇನು ಬದಲಾಗಿದೆ' ಎನ್ನುವ ಉದ್ದ ಪಟ್ಟಿ. ಅದನ್ನು ಯಾರು ಓದುತ್ತಾರೆ? ನಾನಂತೂ ಓದುತ್ತಿರಲಿಲ್ಲ. ಆದರೆ ಆ ಪಟ್ಟಿಯ ಒಂದೊಂದು ಸಾಲೂ ಯಾರದೋ ಮೇಜಿನ ಮೇಲೆ ಬಂದು ಕೂರುತ್ತದೆ. ಅಂಥ ಕೆಲವು ಸಾಲುಗಳನ್ನು ಇಲ್ಲಿ ಬಿಡಿಸಿ ನೋಡೋಣ.

ಮೊದಲು ಆರ್ ಎಂದರೆ ಏನು ಅಂತ ಗೊತ್ತಿಲ್ಲದವರಿಗೆ ಒಂದು ಮಾತು. 1976ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಜಾನ್ ಚೇಂಬರ್ಸ್ ಮತ್ತು ಜೊತೆಗಾರರು ಲೆಕ್ಕಾಚಾರಕ್ಕೆಂದೇ 'ಎಸ್' ಎನ್ನುವ ಭಾಷೆ ಶುರು ಮಾಡಿದರು. 1990ರ ದಶಕದ ಆರಂಭದಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದ ಇಬ್ಬರು ಮೇಷ್ಟ್ರು, ರಾಸ್ ಇಹಾಕ ಮತ್ತು ರಾಬರ್ಟ್ ಜೆಂಟಲ್‌ಮನ್, ಮಕ್ಕಳಿಗೆ ಪಾಠ ಮಾಡಲು ಅದರ ಹಾಗೇ ಇರುವ ಒಂದು ಭಾಷೆ ಕಟ್ಟಿದರು. ಇಬ್ಬರ ಹೆಸರಿನ ಮೊದಲ ಅಕ್ಷರವೂ ಆರ್. ಎಸ್ ಪಕ್ಕದ ಅಕ್ಷರವೂ ಆರ್. ಹೆಸರು ಹಾಗೆ ಬಂತು. 1995ರಲ್ಲಿ ಅದನ್ನು ಯಾರು ಬೇಕಾದರೂ ಪುಕ್ಕಟೆ ಬಳಸಿ, ತಿದ್ದಿ, ಹಂಚಬಹುದಾದ ಲೈಸೆನ್ಸಿನಲ್ಲಿ ಬಿಟ್ಟರು. 1997ರಲ್ಲಿ 'ಆರ್ ಕೋರ್' ಎನ್ನುವ ಸಣ್ಣ ತಂಡ ಆಯಿತು. ಇವತ್ತಿಗೂ ಅದರಲ್ಲಿ ಇರುವುದು ಇಪ್ಪತ್ತು ಜನರ ಆಸುಪಾಸು. ಬಹುಪಾಲು ವಿಶ್ವವಿದ್ಯಾಲಯದವರು. ಆರ್‌ನ ಮೂಲ ಕೋಡಿನಲ್ಲಿ ಒಂದು ಅಲ್ಪವಿರಾಮ ಬದಲಾಗಬೇಕಿದ್ದರೂ ಇವರ ಕೈಯಿಂದಲೇ ಆಗಬೇಕು.

ಇವರಿಗೆ ತಮಾಷೆಯೂ ಗೊತ್ತು. 1.0.0 ಆವೃತ್ತಿ ಹೊರಗೆ ಬಿಟ್ಟಿದ್ದು 2000ದ ಫೆಬ್ರವರಿ 29ರಂದು. ನೂರರಿಂದ ಭಾಗವಾಗುವ ವರ್ಷ ಸಾಮಾನ್ಯವಾಗಿ ಅಧಿಕ ವರ್ಷ ಅಲ್ಲ, ನಾನೂರರಿಂದ ಭಾಗವಾದರೆ ಮಾತ್ರ ಹೌದು. ಲೆಕ್ಕದವರಿಗೆ ಇದಕ್ಕಿಂತ ಒಳ್ಳೆಯ ಮುಹೂರ್ತ ಸಿಗುತ್ತಿತ್ತೇ? ಈಗ ಪ್ರತಿ ಆವೃತ್ತಿಗೂ 'ಪೀನಟ್ಸ್' ಕಾಮಿಕ್ಸ್‌ನಿಂದ ಆರಿಸಿದ ಒಂದು ಅಡ್ಡಹೆಸರು ಇರುತ್ತದೆ. 2024ರ ಏಪ್ರಿಲ್‌ನಲ್ಲಿ ಬಂದದ್ದು 'ಪಪ್ಪಿ ಕಪ್'.

ಈಗ ಊರಿನ ವಿಷಯಕ್ಕೆ ಬರೋಣ.

2019ರ ಏಪ್ರಿಲ್‌ನಲ್ಲಿ 3.6.0 ಬಂತು. ಅದರ ಪಟ್ಟಿಯಲ್ಲಿ ಒಂದು ಸಾಲಿತ್ತು: 'ಸ್ಯಾಂಪಲ್' ಎನ್ನುವ ಆಜ್ಞೆ ಚೀಟಿ ಎತ್ತುವ ರೀತಿ ಬದಲಾಗಿದೆ. ಯಾಕೆ? ಹಳೇ ರೀತಿಯಲ್ಲಿ ಪಟ್ಟಿ ಬಹಳ ದೊಡ್ಡದಿದ್ದಾಗ ಎಲ್ಲ ಚೀಟಿಗಳಿಗೂ ಸಮಾನ ಅವಕಾಶ ಸಿಗುತ್ತಿರಲಿಲ್ಲ. ಇದನ್ನು ತೋರಿಸಿಕೊಟ್ಟವರು ಕೆಲ್ಲಿ ಒಟ್ಟೊಬೋನಿ ಮತ್ತು ಫಿಲಿಪ್ ಸ್ಟಾರ್ಕ್ ಎಂಬ ಸಂಖ್ಯಾಶಾಸ್ತ್ರಜ್ಞರು. ಸರಿಪಡಿಸುವ ಕೋಡ್ ಬರೆದುಕೊಟ್ಟವರು ಡಂಕನ್ ಮರ್ಡಾಕ್.

ಸಮಾನ ಅವಕಾಶ ತಪ್ಪಿದ್ದು ಹೇಗೆ ಅನ್ನುವುದು ತುಂಬಾ ಚಂದದ ಲೆಕ್ಕ. ಸ್ವಲ್ಪ ನಿಧಾನವಾಗಿ ನೋಡಿ.

ಕಂಪ್ಯೂಟರಿನ ಹೊಟ್ಟೆಯಲ್ಲಿ ಯಾದೃಚ್ಛಿಕ ಸಂಖ್ಯೆ ಹುಟ್ಟಿಸುವ ಒಂದು ಯಂತ್ರ ಇದೆ ಅಂದುಕೊಳ್ಳಿ. ಅದು ಒಂದು ಸಲಕ್ಕೆ ಕೊಡಬಲ್ಲ ಬೇರೆ ಬೇರೆ ಸಂಖ್ಯೆಗಳು ಸುಮಾರು 429 ಕೋಟಿ 49 ಲಕ್ಷ. ಇವನ್ನು ತೆಂಗಿನಕಾಯಿ ಅನ್ನೋಣ. ನಿಮ್ಮ ಪಟ್ಟಿಯಲ್ಲಿರುವ ಹೆಸರುಗಳು ಮನೆಗಳು. ಎಲ್ಲ ಕಾಯಿಗಳನ್ನೂ ಸಾಲಾಗಿ ಮನೆಗಳಿಗೆ ಹಂಚಬೇಕು. ಯಂತ್ರ ಯಾವ ಕಾಯಿ ಉರುಳಿಸುತ್ತದೋ ಆ ಕಾಯಿ ಸೇರಿದ ಮನೆಗೆ ಚೀಟಿ. ಹಳೇ ರೀತಿ ಇಷ್ಟೇ.

ಮನೆಗಳು ಸಾವಿರ ಇದ್ದರೆ ಒಂದೊಂದಕ್ಕೂ 42,94,967 ಕಾಯಿ ಬರುತ್ತದೆ. ಕೆಲವು ಮನೆಗೆ ಒಂದು ಜಾಸ್ತಿ. ನಲವತ್ತೆರಡು ಲಕ್ಷದಲ್ಲಿ ಒಂದು ಕಾಯಿ ಹೆಚ್ಚಾದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಈಗ ಮನೆಗಳು 171 ಕೋಟಿ 79 ಲಕ್ಷ ಇವೆ ಅನ್ನಿ. ಭಾರತದ ಜನಸಂಖ್ಯೆಗಿಂತ ದೊಡ್ಡ ಪಟ್ಟಿ. ಆಗ ಒಂದು ಮನೆಗೆ ಎಷ್ಟು ಕಾಯಿ? ಸರಿಯಾಗಿ ಎರಡೂವರೆ. ಕಾಯಿ ಒಡೆಯುವ ಹಾಗಿಲ್ಲ. ಹಾಗಾಗಿ ಮೊದಲ ಮನೆಗೆ ಮೂರು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಮೂರು, ನಾಲ್ಕನೆಯದಕ್ಕೆ ಎರಡು. ಹೀಗೇ ಕೊನೆಯ ತನಕ. ಬೆಸ ನಂಬರಿನ ಮನೆಗಳಿಗೆಲ್ಲ ಮೂರು, ಸಮ ನಂಬರಿನ ಮನೆಗಳಿಗೆಲ್ಲ ಎರಡು!

ಆ ಪಟ್ಟಿಯಿಂದ ಹತ್ತು ಲಕ್ಷ ಚೀಟಿ ಎತ್ತಿ ನೋಡಿದರೆ ಸುಮಾರು ಆರು ಲಕ್ಷ ಬೆಸ, ನಾಲ್ಕು ಲಕ್ಷ ಸಮ ಬರುತ್ತಿತ್ತು. ಅರ್ಧಕ್ಕರ್ಧ ಬರಬೇಕಾದ ಕಡೆ ನೂರಕ್ಕೆ ಅರವತ್ತು, ನಲವತ್ತು. ಪ್ರಪಂಚದ ಸಂಖ್ಯಾಶಾಸ್ತ್ರಜ್ಞರೆಲ್ಲ ಬಳಸುವ ಸಾಫ್ಟ್‌ವೇರು ಇದು. ಅದರ ಚೀಟಿ ಡಬ್ಬಿಯಲ್ಲೇ ತೂತು ಇತ್ತು.

ಹೊಸ ರೀತಿ ನಮ್ಮ ಕಡೆಯ ಹೌಸಿ ಆಟ ಆಡಿದವರಿಗೆ ಸಲೀಸಾಗಿ ಅರ್ಥವಾಗುತ್ತದೆ. ನಿಮ್ಮಲ್ಲಿ ಹದಿಮೂರು ಜನ ಇದ್ದಾರೆ, ಡಬ್ಬಿಯಲ್ಲಿ ಹದಿನಾರು ಬಿಲ್ಲೆಗಳಿವೆ. ಹದಿನಾಲ್ಕು ಬಂತೇ? ವಾಪಸ್ ಹಾಕಿ, ಕುಲುಕಿ, ಇನ್ನೊಂದು ಎತ್ತಿ. ಹದಿಮೂರರ ಒಳಗೆ ಬರುವ ತನಕ ಎತ್ತುತ್ತಲೇ ಇರಿ. ಒಂದೆರಡು ಸಲ ಕೈ ಜಾಸ್ತಿ ಹಾಕಬೇಕಾಗುತ್ತದೆ, ಆದರೆ ಹದಿಮೂರು ಜನರಿಗೂ ಅವಕಾಶ ಒಂದೇ. ಉಳಿದ ಕಾಯಿಯನ್ನು ಯಾರಿಗೆ ಕೊಡುವುದು ಎನ್ನುವ ಜಗಳವೇ ಇಲ್ಲ.

ಆದರೆ ಎತ್ತುವ ರೀತಿ ಬದಲಾದ ಮೇಲೆ ಅದೇ ಸೀಡಿನಿಂದ ಅದೇ ಚೀಟಿ ಬರುವುದು ಹೇಗೆ ಸಾಧ್ಯ? 10, 9, 3 ಹೋಗಿ 1, 5, 10 ಬಂದದ್ದು ಇದರಿಂದ. ಆರ್ ಕೋರ್‌ನವರ ಮುಂದೆ ಇದ್ದದ್ದು ಎರಡೇ ದಾರಿ. ತಪ್ಪನ್ನು ಹಾಗೇ ಬಿಟ್ಟು ಎಲ್ಲರ ಹಳೇ ಉತ್ತರ ಉಳಿಸುವುದು. ಇಲ್ಲವೇ ತಪ್ಪು ಸರಿಮಾಡಿ, ಸೀಡ್ ನಂಬಿಕೊಂಡು ಬರೆದ ಪಾಠ, ಪರೀಕ್ಷೆ, ಪ್ರಬಂಧಗಳ ಉತ್ತರ ಬದಲಾದರೆ ಆಗಲಿ ಅನ್ನುವುದು. ಎರಡನೆಯದನ್ನು ಆರಿಸಿಕೊಂಡರು. ಹಳೇ ರೀತಿ ಬೇಕಾದವರು ಕೇಳಿ ಪಡೆಯಲಿ ಅಂತ ಒಂದು ಕಿಂಡಿ ಮಾತ್ರ ಬಿಟ್ಟರು. ಆ ಕಿಂಡಿಗೆ ಆಮೇಲೆ ಬರುತ್ತೇನೆ. ನನ್ನ ಕೇಳಿದರೆ ಅವರು ಮಾಡಿದ್ದೇ ಸರಿ. ಆದರೆ ಅವತ್ತು ಫೋನ್ ಹಿಡಿದು ಕೂತಾಗ ಹೀಗೆ ಅನ್ನಿಸಿರಲಿಲ್ಲ.

ಇನ್ನೊಂದು ಸಾಲು ಇದಕ್ಕಿಂತ ಜಗಜ್ಜಾಹೀರು. 2020ರ ಏಪ್ರಿಲ್ 24ರಂದು ಬಂದ 4.0.0 ಆವೃತ್ತಿಯದು. 'ಸ್ಟ್ರಿಂಗ್ಸ್ ಆ್ಯಸ್ ಫ್ಯಾಕ್ಟರ್ಸ್' ಎನ್ನುವ ಒಂದು ಸ್ವಿಚ್ ಇತ್ತು. ತಾನಾಗಿ ಆನ್ ಆಗಿರುತ್ತಿದ್ದದ್ದನ್ನು ಅವತ್ತಿನಿಂದ ತಾನಾಗಿ ಆಫ್ ಮಾಡಿದರು. ಅಷ್ಟೇ. ಆ 'ಅಷ್ಟೇ'ಗೆ ಇಪ್ಪತ್ತು ವರ್ಷ ಹಿಡಿಯಿತು.

ಏನಿದು ಫ್ಯಾಕ್ಟರ್? ಸರ್ವೆ ಫಾರಂ ತುಂಬಿಸಿದವರಿಗೆ ಗೊತ್ತಿರುತ್ತದೆ. ಗಂಡು ಅಂದರೆ 1, ಹೆಣ್ಣು ಅಂದರೆ 2 ಅಂತ ಕೋಡ್ ಹಾಕಿ, ಪಕ್ಕದಲ್ಲಿ ಯಾವ ಕೋಡ್ ಏನು ಅಂತ ಬರೆದಿಟ್ಟುಕೊಳ್ಳುತ್ತೇವೆ. ಫ್ಯಾಕ್ಟರ್ ಅಂದರೆ ಅದೇ. ಹೊರಗೆ ಕಾಣುವುದು ಪದ, ಒಳಗೆ ಇರುವುದು ಅಂಕಿ. ಆರ್‌ಗೆ ಒಂದು ಫೈಲ್ ಓದಲು ಕೊಟ್ಟರೆ, ಪದಗಳಿರುವ ಪ್ರತಿ ಕಾಲಂ ಅನ್ನೂ ಅದು ಹೇಳದೆ ಕೇಳದೆ ಫ್ಯಾಕ್ಟರ್ ಮಾಡಿಬಿಡುತ್ತಿತ್ತು. ಹಿಂದೆ ಅದಕ್ಕೆ ಕಾರಣವೂ ಇತ್ತು. ಸಂಖ್ಯಾಶಾಸ್ತ್ರದ ಮಾದರಿಗಳಿಗೆ (ಮಾಡೆಲ್) ಫ್ಯಾಕ್ಟರ್ ಬೇಕೇ ಬೇಕು. ಅಂದಿನ ಕಂಪ್ಯೂಟರುಗಳಲ್ಲಿ ಮೆಮೊರಿಗೆ ಬರ. 'ಹೆಣ್ಣು' ಅಂತ ಲಕ್ಷ ಸಲ ಬರೆದಿಡುವುದಕ್ಕಿಂತ 2 ಅಂತ ಬರೆಯುವುದು ಅಗ್ಗ. 2007ರಲ್ಲಿ ಒಂದೇ ಪದವನ್ನು ಒಂದೇ ಕಡೆ ಇಟ್ಟು ಎಲ್ಲರೂ ಅದನ್ನೇ ತೋರಿಸುವ ವ್ಯವಸ್ಥೆ ಆರ್ ಒಳಗೇ ಬಂತು. ಅಲ್ಲಿಗೆ ಮೆಮೊರಿಯ ಕಾರಣ ಮುಗಿಯಿತು. ಸ್ವಿಚ್ ಮಾತ್ರ ಆನ್ ಆಗಿಯೇ ಉಳಿಯಿತು.

ಇದರಿಂದ ಆಗುತ್ತಿದ್ದ ಅನಾಹುತ ಎಂಥದ್ದು ಅಂತ ಒಂದು ಕಾಲಂನಲ್ಲಿ ತೋರಿಸುತ್ತೇನೆ. ಐದು ಊರಿನ ಮಳೆ, ಮಿಲಿಮೀಟರಿನಲ್ಲಿ: 40, 8, 125, ನಿಲ್, 62. ಮಳೆ ಅಳೆಯುವವರು ಒಂದು ಕಡೆ ಸೊನ್ನೆ ಬರೆಯುವ ಬದಲು ನಿಲ್ ಅಂತ ಬರೆದಿದ್ದಾರೆ. ಆ ಒಂದು ಪದದ ದೆಸೆಯಿಂದ ಇಡೀ ಕಾಲಂ ಪದಗಳ ಕಾಲಂ ಆಯಿತು. ಪದ ಅಂದ ಮೇಲೆ ಫ್ಯಾಕ್ಟರ್. ಫ್ಯಾಕ್ಟರ್ ಅಂದ ಮೇಲೆ ಕೋಡ್. ಕೋಡ್ ಕೊಡುವುದು ನಿಘಂಟಿನ ಕ್ರಮದಲ್ಲಿ. ನಿಘಂಟಿನ ಕ್ರಮದಲ್ಲಿ 125 ಮೊದಲು, ಯಾಕೆಂದರೆ ಅದು ಒಂದರಿಂದ ಶುರುವಾಗುತ್ತದೆ. ಆಮೇಲೆ 40, 62, 8, ಕೊನೆಗೆ ನಿಲ್. ಅಂದರೆ 125ಕ್ಕೆ ಕೋಡ್ 1, ಎಂಟಕ್ಕೆ ಕೋಡ್ 4.

ಈಗ ನೀವು ಸರಾಸರಿ ಕೇಳುತ್ತೀರಿ. 'ಇದು ಸಂಖ್ಯೆ ಅಲ್ಲ' ಅಂತ ಆರ್ ತಕರಾರು ಮಾಡುತ್ತದೆ. ಹಾಗಾದರೆ ಸಂಖ್ಯೆ ಮಾಡು ಅಂತೀರಿ. ಆಗ ಅದು ತುಟಿಪಿಟಿಕ್ಕೆನ್ನದೆ ಒಳಗಿನ ಕೋಡುಗಳನ್ನು ತೆಗೆದು ಕೈಗಿಡುತ್ತದೆ: 2, 4, 1, 5, 3. ಸರಾಸರಿ 3. ನಿಲ್ ಅನ್ನು ಸೊನ್ನೆ ಅಂದುಕೊಂಡರೆ ನಿಜವಾದ ಸರಾಸರಿ 47. ಇನ್ನೂ ಮಜಾ ಏನು ಗೊತ್ತಾ? ಮಳೆ ಎಷ್ಟೇ ಬಂದಿರಲಿ, ಐದು ಬೇರೆ ಬೇರೆ ಅಂಕಿ ಇದ್ದರೆ ಕೋಡುಗಳು 1ರಿಂದ 5. ಸರಾಸರಿ ಯಾವಾಗಲೂ 3. ಆಗುಂಬೆಯಲ್ಲೂ 3, ಚಳ್ಳಕೆರೆಯಲ್ಲೂ 3. ಹೊಸಬರು ಇಂಥ ಗುಂಡಿಗೆ ಬಿದ್ದದ್ದು ಎಷ್ಟು ಸಲವೋ. ನಾನೂ ಬಿದ್ದಿದ್ದೇನೆ. ಸದ್ಯ, ವರದಿ ಅಚ್ಚಿಗೆ ಹೋಗುವ ಮೊದಲು ನಮ್ಮ ಮೇಲಿನವರು "ಏನಯ್ಯ, ಇಡೀ ತಾಲೂಕಿಗೆ ಮೂರು ಮಿಲಿಮೀಟರ್ ಮಳೆನಾ?" ಅಂತ ಹಿಡಿದರು.

ಸ್ವಿಚ್ ಆಫ್ ಇದ್ದಿದ್ದರೆ ಏನಾಗುತ್ತಿತ್ತು? ಕಾಲಂ ಬರೀ ಪದಗಳಾಗಿ ಉಳಿಯುತ್ತಿತ್ತು. ಸಂಖ್ಯೆ ಮಾಡು ಅಂದಾಗ 40 ಇದ್ದದ್ದು 40 ಅಂತಲೇ ಬರುತ್ತಿತ್ತು, ನಿಲ್ ಜಾಗದಲ್ಲಿ 'ಮಾಹಿತಿ ಇಲ್ಲ' ಅಂತ ಬಂದು, ಕೆಳಗೊಂದು ಎಚ್ಚರಿಕೆ ಕಾಣುತ್ತಿತ್ತು.

ಜನ ಇದಕ್ಕೆ ರೋಸಿಹೋಗಿದ್ದರು. ಪ್ರತಿ ಪ್ರೋಗ್ರಾಂನ ಪ್ರತಿ ಫೈಲ್ ಓದುವ ಸಾಲಿನಲ್ಲೂ ಆ ಉದ್ದ ಹೆಸರು ಬರೆದು 'ಬೇಡ' ಅನ್ನಬೇಕಿತ್ತು. ಈ ಸ್ವಿಚ್ ಒಂದನ್ನು ಆಫ್ ಮಾಡುವುದಕ್ಕೆಂದೇ ಯಾರೋ ಒಂದು ಪ್ಯಾಕೇಜ್ (ಆರ್ ಜೊತೆ ಜೋಡಿಸಿಕೊಳ್ಳುವ ಕೋಡಿನ ಕಟ್ಟು) ಬರೆದು 'ಹೆಲ್‌ನೋ' ಅಂತ ಹೆಸರಿಟ್ಟರು. ಕನ್ನಡದಲ್ಲಿ 'ಸುತಾರಾಂ ಆಗಲ್ಲ ಹೋಗ್ರೀ' ಅನ್ನಬಹುದು.

ಹಾಗಿದ್ದರೂ ಆರ್ ಕೋರ್‌ನವರು ಕೈ ಹಾಕಲು ಹಿಂಜರಿದದ್ದು ಸೋಮಾರಿತನದಿಂದಲ್ಲ. ಸಾವಿರಾರು ಪ್ಯಾಕೇಜುಗಳು, ಲೆಕ್ಕವಿಲ್ಲದಷ್ಟು ಖಾಸಗಿ ಪ್ರೋಗ್ರಾಂಗಳು ಆ ಸ್ವಿಚ್ ಆನ್ ಇದೆ ಅಂತಲೇ ನಂಬಿ ನಿಂತಿದ್ದವು. ಕೊನೆಗೆ ಕೂರ್ಟ್ ಹಾರ್ನಿಕ್ ಎಂಬ ಆರ್ ಕೋರ್ ಸದಸ್ಯರು 2020ರ ಫೆಬ್ರವರಿಯಲ್ಲಿ ಬದಲಾವಣೆಯನ್ನು ಸಾರಿ ಹೇಳಿದರು. ಅವರು ಕೊಟ್ಟ ಒಂದು ಕಾರಣ ನನಗೆ ಬಹಳ ಹಿಡಿಸಿತು. ನಿಘಂಟಿನ ಕ್ರಮ ದೇಶಕ್ಕೊಂದು ಥರ. ಎಸ್ಟೋನಿಯಾದ ಅಕ್ಷರಮಾಲೆಯಲ್ಲಿ 'ಝಡ್' ಕೊನೆಗೆ ಬರುವುದಿಲ್ಲ, 'ಎಸ್' ಆದ ಮೇಲೆ 'ಟಿ'ಗಿಂತ ಮೊದಲು ಬರುತ್ತದೆ. ಅಂದರೆ ಒಂದೇ ಫೈಲಿಗೆ ಟಾಲಿನ್‌ನಲ್ಲಿ ಒಂದು ಕೋಡು, ಲಂಡನ್ನಿನಲ್ಲಿ ಇನ್ನೊಂದು. ಮಾದರಿ ಕಟ್ಟುವಾಗ ಮೊದಲ ಕೋಡಿನ ಗುಂಪಿಗೆ ಉಳಿದವನ್ನು ಹೋಲಿಸುವುದರಿಂದ, ಉತ್ತರದ ಪಟ್ಟಿಯೇ ಬೇರೆ ಕಾಣಬಹುದು. ಕಂಪ್ಯೂಟರಿನ ಭಾಷೆ ಬದಲಿಸಿದರೆ ಲೆಕ್ಕ ಬದಲಾಗುವುದು ಯಾವ ನ್ಯಾಯ?

ಭಾಷೆಯ ಮಾತು ಬಂತಲ್ಲ, ಕನ್ನಡಿಗರಿಗೇ ನೇರವಾಗಿ ತಟ್ಟಿದ ಸುದ್ದಿಯೊಂದನ್ನು ಹೇಳಬೇಕು. ಇದು ನಮ್ಮಲ್ಲಿ ಯಾರ ಗಮನಕ್ಕೂ ಬಂದಂತಿಲ್ಲ.

ವಿಂಡೋಸ್ ಕಂಪ್ಯೂಟರಿನಲ್ಲಿ ಆರ್ ಬಳಸಿ, ಕನ್ನಡದ ಊರ ಹೆಸರಿರುವ ಟೇಬಲ್ ತೆರೆದವರಿಗೆ ನೆನಪಿರುತ್ತದೆ. 'ಮೈಸೂರು' ಅಂತ ಇರಬೇಕಾದ ಕಡೆ ಕೊಕ್ಕೆ ಕಂಸಗಳ ಒಳಗೆ ಯು, ಪ್ಲಸ್ ಗುರುತು, ನಾಲ್ಕು ಅಂಕಿ-ಅಕ್ಷರಗಳ ಒಂದು ಗುಂಪು. ಆಮೇಲೆ ಅಂಥದ್ದೇ ಇನ್ನೊಂದು. ಮ, ಐತ್ವ, ಸ, ದೀರ್ಘ ಕೊಂಬು, ರ, ಕೊಂಬು. ಆರು ತುಂಡು, ಒಂದೊಂದಕ್ಕೆ ಎಂಟು ಗುರುತು. ಒಂದು ಮೈಸೂರಿಗೆ 48 ಗುರುತುಗಳ ಬಾಲ. ಮೂವತ್ತು ಜಿಲ್ಲೆಯ ಟೇಬಲ್ ಪರದೆಯ ಆಚೆ ಹೋಗಿ ಬೀಳುತ್ತಿತ್ತು. ನಾನು ಮಾಡುತ್ತಿದ್ದ ಉಪಾಯ ಹೇಳಿದರೆ ನಗುತ್ತೀರಿ: ಊರಿನ ಹೆಸರೆಲ್ಲ ಇಂಗ್ಲಿಷ್ ಅಕ್ಷರಕ್ಕೆ ಬದಲಿಸಿ, ಲೆಕ್ಕ ಮುಗಿಸಿ, ಕೊನೆಗೆ ಎಕ್ಸೆಲ್‌ನಲ್ಲಿ ಮತ್ತೆ ಕನ್ನಡಕ್ಕೆ ತರುತ್ತಿದ್ದೆ.

ತಪ್ಪು ಬರೀ ಆರ್‌ದಲ್ಲ. ಹಳೇ ಕಾಲದ ವಿಂಡೋಸ್‌ನಲ್ಲಿ ಒಂದೊಂದು ಭಾಷೆಗೆ 'ಕೋಡ್ ಪೇಜ್' ಅಂತ ಅಕ್ಷರಗಳ ಒಂದು ಸಣ್ಣ ಪಟ್ಟಿ ಇರುತ್ತಿತ್ತು. ಯುರೋಪಿನ ಭಾಷೆಗಳಿಗೆ ಇತ್ತು, ಜಪಾನಿಗೆ ಇತ್ತು, ಚೀನಾಕ್ಕೆ ಇತ್ತು. ಕನ್ನಡಕ್ಕೆ ಅಂಥದ್ದು ಇರಲೇ ಇಲ್ಲ. ನಮ್ಮ ಭಾಷೆಗಳು ವಿಂಡೋಸ್‌ಗೆ ಬಂದದ್ದೇ ಯೂನಿಕೋಡ್ ಮೂಲಕ, ಅಂದರೆ ಎಲ್ಲ ಭಾಷೆಗಳ ಅಕ್ಷರಗಳಿಗೂ ನಂಬರ್ ಕೊಡುವ ಒಂದೇ ದೊಡ್ಡ ಪಟ್ಟಿಯ ಮೂಲಕ. ಆರ್ ಮಾತ್ರ ಒಳಗೆ ಕೆಲಸ ಮಾಡುವಾಗ ಆ ಹಳೇ ಕೋಡ್ ಪೇಜ್ ಅನ್ನೇ ನೆಚ್ಚಿಕೊಂಡಿತ್ತು. ಪಟ್ಟಿಯಲ್ಲಿ ಇಲ್ಲದ ಅಕ್ಷರ ಬಂದರೆ ಪಾಪ, ಅದಕ್ಕೆ ಗೊತ್ತಿದ್ದ ರೀತಿಯಲ್ಲಿ ನಂಬರ್ ಬರೆದು ತೋರಿಸುತ್ತಿತ್ತು. ಲಿನಕ್ಸ್ ಮತ್ತು ಮ್ಯಾಕ್ ಬಳಸುವವರಿಗೆ ಈ ತಾಪತ್ರಯ ಇರಲಿಲ್ಲ.

2022ರ ಏಪ್ರಿಲ್‌ನಲ್ಲಿ ಬಂದ 4.2.0 ಇದನ್ನು ಬಗೆಹರಿಸಿತು. ವಿಂಡೋಸ್‌ನಲ್ಲೂ ಆರ್‌ನ ಮಾತೃಭಾಷೆ ಯುಟಿಎಫ್-8, ಅಂದರೆ ಯೂನಿಕೋಡ್ ಬರೆದಿಡುವ ಒಂದು ರೀತಿ, ಆಯಿತು. ಪಟ್ಟಿಯಲ್ಲಿ ಒಂದು ಸಾಲು ಬರೆಯಲು ಸುಲಭ, ಹಿಂದಿನ ಕೆಲಸ ನೋಡಿದರೆ ತಲೆ ತಿರುಗುತ್ತದೆ. ಆರ್ ಕೋರ್‌ನ ತೋಮಾಶ್ ಕಾಲಿಬೆರಾ ಇದರ ಹಿಂದೆ ಬಿದ್ದಿದ್ದರು. ವಿಂಡೋಸ್‌ನ ಬೇರೊಂದು ತಳಪಾಯಕ್ಕೆ ಇಡೀ ಆರ್ ಅನ್ನು ಎತ್ತಿಡಬೇಕಿತ್ತು. ಹಾಗೆ ಎತ್ತಿಟ್ಟರೆ ಸಿ, ಸಿ ಪ್ಲಸ್ ಪ್ಲಸ್ ಭಾಷೆಗಳಲ್ಲಿ ಬರೆದ ಭಾಗಗಳಿರುವ ಪ್ರತಿ ಪ್ಯಾಕೇಜನ್ನೂ ಹೊಸ ಸಲಕರಣೆಯಿಂದ ಮತ್ತೆ ಕಟ್ಟಬೇಕು. ಕೆಲವು ಪ್ಯಾಕೇಜುಗಳಿಗೆ ತೇಪೆಯನ್ನೂ ಇವರೇ ಬರೆದು ಕಳಿಸಿದರು. ವಿಂಡೋಸ್ 10ರ ಹಳೇ ರೂಪಗಳಲ್ಲಿ ಈಗಲೂ ಇದು ನಡೆಯುವುದಿಲ್ಲ, ಆದರೆ ಅಂಥವು ಈಗ ಅಪರೂಪ. ನಾನು ಆ ಆವೃತ್ತಿ ಹಾಕಿಕೊಂಡು ಮೊದಲು ಟೈಪ್ ಮಾಡಿದ್ದು ನಮ್ಮ ಊರಿನ ಹೆಸರು. ಎಂಟರ್ ಒತ್ತಿದೆ. ನಮ್ಮೂರೇ ಬಂತು.

ಪ್ಯಾಕೇಜ್, ಪ್ಯಾಕೇಜ್ ಅಂತ ಹೇಳುತ್ತಲೇ ಇದ್ದೇನೆ. ಆರ್ ಅಂಗಡಿಯಾದರೆ ಪ್ಯಾಕೇಜುಗಳು ಸಂತೆ. ಯಾರು ಬೇಕಾದರೂ ತಮ್ಮ ಕೆಲಸಕ್ಕೆ ಬರೆದ ಕೋಡನ್ನು ಕಟ್ಟಿ, ಬೇರೆಯವರಿಗೂ ಆಗಲಿ ಅಂತ ಇಡಬಹುದು. ಈ ಸಂತೆಯ ಹೆಸರು 'ಕ್ರ್ಯಾನ್'. 1997ರಲ್ಲಿ ವಿಯೆನ್ನಾದಲ್ಲಿ ಹಾರ್ನಿಕ್ ಮತ್ತು ಫ್ರಿಟ್ಸ್ ಲೈಶ್ ಶುರು ಮಾಡಿದ್ದು. 2017ರ ಹೊತ್ತಿಗೆ ಹತ್ತು ಸಾವಿರ ದಾಟಿತ್ತು, ಈಗ ಇಪ್ಪತ್ತು ಸಾವಿರಕ್ಕೂ ಜಾಸ್ತಿ.

ಈ ಸಂತೆಗೆ ಒಂದು ವಿಚಿತ್ರ ಶಿಸ್ತಿದೆ. ಪ್ರತಿ ಪ್ಯಾಕೇಜಿಗೂ ಒಬ್ಬ ಹೊಣೆಗಾರ, ಅವರದೊಂದು ಇಮೇಲ್. ಆರ್ ಬದಲಾದಾಗ, ಇನ್ನೊಂದು ಪ್ಯಾಕೇಜ್ ಬದಲಾದಾಗ, ಎಲ್ಲವನ್ನೂ ಮತ್ತೆ ಮತ್ತೆ ಓಡಿಸಿ ನೋಡುತ್ತಲೇ ಇರುತ್ತಾರೆ. ನಿಮ್ಮದು ಕೆಟ್ಟಿದ್ದರೆ ಪತ್ರ ಬರುತ್ತದೆ: ಇಂಥ ದಿನದ ಒಳಗೆ ಸರಿ ಮಾಡಿ. ಮಾಡದಿದ್ದರೆ, ಅಥವಾ ಪತ್ರವೇ ತಲುಪದಿದ್ದರೆ, ಪ್ಯಾಕೇಜ್ ಉಗ್ರಾಣ ಸೇರುತ್ತದೆ. ಅಳಿಸುವುದಿಲ್ಲ, ಹಳೇ ಪ್ರತಿ ಸಿಗುತ್ತದೆ, ಆದರೆ ಒಂದು ಸಾಲು ಬರೆದು ಹಾಕಿಕೊಳ್ಳುವ ಸುಖ ಹೋಯಿತು. ಅದನ್ನು ನಂಬಿದ ಇನ್ನೊಂದು ಪ್ಯಾಕೇಜಿಗೂ ಅದೇ ಗತಿ. ಇದು ಬಹಳ ಕಠಿಣ ಅಂತ ಗೊಣಗುವವರು ಯಾವಾಗಲೂ ಇದ್ದಾರೆ. ಸಂಬಳವಿಲ್ಲದೆ ಬರೆದುಕೊಟ್ಟವರಿಗೆ ಎರಡು ವಾರದ ಗಡುವು ಅಂದರೆ ಸಿಟ್ಟು ಬರುವುದು ಸಹಜ. ಆದರೆ ಇವತ್ತು ಯಾವ ಪ್ಯಾಕೇಜ್ ಹಾಕಿಕೊಂಡರೂ ಉಳಿದವುಗಳ ಜೊತೆ ಹೊಂದಿಕೊಂಡು ನಡೆಯುತ್ತದೆ ಅನ್ನುವ ಭರವಸೆ ಬಂದದ್ದು ಆ ಗೊಣಗಾಟದ ಬೆಲೆಯಲ್ಲೇ.

ಇದರ ದೊಡ್ಡ ಉದಾಹರಣೆ ನಕ್ಷೆಯವರದು. ಆರ್‌ನಲ್ಲಿ ಮ್ಯಾಪ್ ಕೆಲಸ ಮಾಡುವವರೆಲ್ಲ ಹತ್ತಿಪ್ಪತ್ತು ವರ್ಷ ನೆಚ್ಚಿಕೊಂಡಿದ್ದ ಮೂರು ಪ್ಯಾಕೇಜುಗಳಿದ್ದವು: ಆರ್‌ಜಿಡಾಲ್, ಆರ್‌ಜಿಯಾಸ್, ಮ್ಯಾಪ್‌ಟೂಲ್ಸ್. ನಾರ್ವೆಯ ಬರ್ಗೆನ್‌ನಲ್ಲಿರುವ ರೋಜರ್ ಬಿವಾಂಡ್ ಇವುಗಳ ಹೊಣೆ ಹೊತ್ತಿದ್ದವರು. ಅವರು ಕೆಲಸದಿಂದ ನಿವೃತ್ತರಾದರು. ಅದೇ ಕೆಲಸವನ್ನು ಹೊಸ ರೀತಿಯಲ್ಲಿ ಮಾಡುವ ಎಸ್‌ಎಫ್, ಟೆರಾ ಎಂಬ ಪ್ಯಾಕೇಜುಗಳು ಬಂದಿದ್ದವು. ಹಳೆಯದನ್ನು ಸುಮ್ನೆ ಬಿಟ್ಟುಹೋಗಬಹುದಿತ್ತು. ಬಿವಾಂಡ್ ಹಾಗೆ ಮಾಡಲಿಲ್ಲ. ಎಷ್ಟೋ ತಿಂಗಳು ಮೊದಲೇ ಡಂಗುರ ಹೊಡೆದರು, ಇವನ್ನು ನಂಬಿದ್ದ ನೂರಾರು ಪ್ಯಾಕೇಜುಗಳ ಹೊಣೆಗಾರರಿಗೆ ತಿಳಿಸಿದರು, ಹೇಗೆ ಬದಲಾಯಿಸಬೇಕು ಅಂತ ದಾರಿ ತೋರಿಸಿದರು. 2023ರ ಅಕ್ಟೋಬರ್ 16ರಂದು ಮೂರೂ ಕ್ರ್ಯಾನ್‌ನಿಂದ ಇಳಿದವು. ನಿವೃತ್ತಿಯಾದ ಮೇಲೂ ಬಂದು ಚಾರ್ಜ್ ಒಪ್ಪಿಸಿ ಹೋಗುವ ಹಳೇ ಕಾಲದ ಹೆಡ್ ಕ್ಲರ್ಕ್ ನೆನಪಾದರು ನನಗೆ.

ಕಂಪನಿಗಳ ಸುದ್ದಿ ಬೇರೆ ಥರ. ಎಸ್‌ಪಿಎಸ್‌ಎಸ್ ಎನ್ನುವ ಸಂಖ್ಯಾಶಾಸ್ತ್ರದ ಸಾಫ್ಟ್‌ವೇರ್ 1968ರಲ್ಲಿ ಹುಟ್ಟಿ, 2009ರಲ್ಲಿ ಐಬಿಎಂ ಪಾಲಾಯಿತು, 120 ಕೋಟಿ ಡಾಲರಿಗೆ. ಆರ್ ಬಳಸುವವರ ಅಚ್ಚುಮೆಚ್ಚಿನ ಆರ್‌ಸ್ಟುಡಿಯೋ ಕಂಪನಿ 2022ರಲ್ಲಿ ಹೆಸರು ಬದಲಿಸಿ 'ಪಾಸಿಟ್' ಆಯಿತು, ಪೈಥಾನ್ ಎನ್ನುವ ಇನ್ನೊಂದು ಭಾಷೆ ಬಳಸುವವರೂ ನಮ್ಮವರೇ ಅಂದಿತು. ಸ್ವಲ್ಪ ದಿನ ಗುಸುಗುಸು ನಡೆಯಿತು, ಆಮೇಲೆ ಎಲ್ಲರೂ ತಮ್ಮ ಕೆಲಸಕ್ಕೆ ಹೋದರು.

ಒಂದು ಸುದ್ದಿ ಮಾತ್ರ ನನ್ನಂಥವರಿಗೆ ಚುರುಕ್ಕೆಂದಿತು. ಮೈಕ್ರೋಸಾಫ್ಟ್ 2015ರಲ್ಲಿ ರೆವಲ್ಯೂಷನ್ ಅನಲಿಟಿಕ್ಸ್ ಎಂಬ ಕಂಪನಿ ಕೊಂಡಿತ್ತು. ಅದರ ಜೊತೆ 'ಎಂ-ರಾನ್' ಎನ್ನುವ ಸೇವೆಯೂ ಬಂದಿತ್ತು. ಕ್ರ್ಯಾನ್ ಸಂತೆಯ ದಿನದಿನದ ಫೋಟೋ ಇದ್ದ ಹಾಗೆ. 2018ರ ಇಂಥ ದಿನ ಸಂತೆಯಲ್ಲಿ ಏನೇನಿತ್ತೋ ಅದೇ ನನಗೆ ಕೊಡು ಅಂದರೆ ಕೊಡುತ್ತಿತ್ತು. 2023ರ ಜುಲೈ 1ಕ್ಕೆ ಅದನ್ನು ಮುಚ್ಚಿದರು. ಪಾಸಿಟ್ ಅಂಥದ್ದೇ ಸೇವೆ ನಡೆಸುತ್ತಿದೆ, ಆದರೆ ಎಂ-ರಾನ್ ವಿಳಾಸ ಬರೆದಿಟ್ಟ ಹಳೇ ಪ್ರೋಗ್ರಾಂಗಳು ಬಾಗಿಲು ಬಡಿದು ವಾಪಸ್ ಬಂದವು. ಹಳೆಯದನ್ನು ಕಾಪಾಡುವ ಕೆಲಸಕ್ಕೂ ಯಾರೋ ದುಡ್ಡು ಹಾಕುತ್ತಿರಬೇಕು, ನಿಲ್ಲಿಸಿದ ದಿನ ಅದೂ ನಿಲ್ಲುತ್ತದೆ. ವಿಶ್ವವಿದ್ಯಾಲಯದ ಮೇಷ್ಟರುಗಳು ನಡೆಸುವ ಕ್ರ್ಯಾನ್‌ನಲ್ಲಿ ಆರ್‌ನ ಹಳೇ ಆವೃತ್ತಿಗಳು ಇವತ್ತಿಗೂ ಸಾಲಾಗಿ ಕೂತಿವೆ.

ಫೋನಿನ ಆ ಕಡೆ ಇದ್ದ ಹುಡುಗಿಯನ್ನು ಅಷ್ಟು ಹೊತ್ತು ಕಾಯಿಸಲಿಲ್ಲ ಬಿಡಿ. ಹಳೇ ಆರ್ ಇಳಿಸಿಕೊಳ್ಳುವುದೂ ಬೇಕಾಗಲಿಲ್ಲ. ಆಗಲೇ ಹೇಳಿದೆನಲ್ಲ, ಒಂದು ಕಿಂಡಿ ಬಿಟ್ಟಿದ್ದಾರೆ ಅಂತ. 'ಆರ್‌ಎನ್‌ಜಿ ವರ್ಷನ್' ಅಂತ ಒಂದು ಆಜ್ಞೆ. ಸೀಡ್ ಕೊಡುವ ಮೊದಲು ಅದನ್ನು ಬರೆದು, ಕಂಸದೊಳಗೆ 3.5.0 ಅಂತ ಹಾಕು ಎಂದೆ. ನೀನು 3.5.0 ಕಾಲದಲ್ಲಿ ಚೀಟಿ ಎತ್ತುತ್ತಿದ್ದ ಹಾಗೆಯೇ ಎತ್ತು ಅಂತ ಹೊಸ ಆರ್‌ಗೆ ಹೇಳಿದಂತೆ.

ಕೀಬೋರ್ಡಿನ ಸದ್ದು ಕೇಳಿಸಿತು. "ಸರ್, ಕೆಂಪು ಅಕ್ಷರದಲ್ಲಿ ಏನೋ ಬಂತು."

"ಓದು."

ಸಮವಲ್ಲದ 'ರೌಂಡಿಂಗ್' ವಿಧಾನ ಬಳಸಲಾಗಿದೆ ಅನ್ನುವ ಎಚ್ಚರಿಕೆ. ಎರಡೂವರೆ ಕಾಯಿ ಹಂಚುವ ಹಳೇ ರೀತಿಯ ಕಥೆಯೇ. ನಮ್ಮದು ಸಾವಿರ ಊರು, ಅದರಿಂದ ನಮಗೇನೂ ನಷ್ಟವಿಲ್ಲ, ಮುಂದೆ ಹೋಗು ಅಂದೆ.

ಒಂದೊಂದೇ ಊರಿನ ಹೆಸರು ಓದತೊಡಗಿದಳು. ಐದನೆಯದಕ್ಕೆ ಬರುವಾಗ ನನಗೆ ಆ ಊರಿನ ಹಾಲಿನ ಡೇರಿ, ಅದರ ಮುಂದಿನ ಅರಳಿಕಟ್ಟೆ, ಫಾರಂ ತುಂಬಿಸುತ್ತಾ ಅಲ್ಲಿ ಕೂತಿದ್ದದ್ದು ಎಲ್ಲ ನೆನಪಾಯಿತು. ಪಕ್ಕದಲ್ಲಿ ಹಳೇ ವರದಿ ತೆರೆದಿಟ್ಟುಕೊಂಡಿದ್ದಳು. "ಫೋಟೋ ಇದೆ ಸರ್ ಇದರದ್ದು" ಎಂದಳು.